ಹಳೆಯ ಕಾರು ಹೀಟ್ ಆದರೆ ಥರ್ಮೋಸ್ಟಾಟ್ ಕಿತ್ತೆಸೆಯಬೇಕೆ? ಸರ್ ಎಂ.ವಿ. ಬದುಕಿನಲ್ಲಿದೆ ಉತ್ತರ

ಸೆಪ್ಟೆಂಬರ್ 15 ಬಂತೆಂದರೆ ನಿಮ್ಮ ಮೊಬೈಲಿಗೆ ಎರಡು ಕಥೆಗಳು ಬಂದೇ ಬರುತ್ತವೆ. ಒಂದು ಎರಡು ಮೇಣದಬತ್ತಿಗಳ ಕಥೆ. ಇನ್ನೊಂದು, ಹಳಿ ಮುರಿದಿದೆ ಎಂದು ಸದ್ದಿನಲ್ಲೇ ತಿಳಿದು ರೈಲಿನ ಚೈನ್ ಎಳೆದ ಕಥೆ. ಎರಡೂ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಓಡಾಡುತ್ತವೆ. ಅವರು ನಿಜವಾಗಿ ಮಾಡಿದ ಕೆಲಸಗಳು ಈ ಕಥೆಗಳಿಗಿಂತ ಹೆಚ್ಚು ರೋಚಕ. ಆದರೆ ಅವು ಫಾರ್ವರ್ಡ್ ಆಗುವುದು ಕಡಿಮೆ.

ಈಚೆಗೆ ನಮಗೆ ಇನ್ನೊಂದು ಫಾರ್ವರ್ಡ್ ಬಂತು. ಹಳೆಯ ಕಾರು ಹೀಟ್ ಆಗುತ್ತಿದ್ದರೆ ಎಂಜಿನ್‌ನ ಥರ್ಮೋಸ್ಟಾಟ್ ಕಿತ್ತುಹಾಕಿ, ಅದು ಚಳಿ ದೇಶದವರಿಗೆ ಬೇಕಾದದ್ದು, ನಮಗೆ ಬೇಡ ಎನ್ನುತ್ತದೆ ಅದು. ಇದನ್ನು ನಂಬಿದ ಮನೆಯೊಂದು ನಮ್ಮ ಬಳಗದಲ್ಲೇ ಇದೆ. ಈ ಫಾರ್ವರ್ಡ್ ಏಕೆ ತಪ್ಪು ಎಂದು ವಿವರಿಸಲು ಹೊರಟಾಗ ನಮಗೆ ಮತ್ತೆ ಸಿಕ್ಕವರು ಸರ್ ಎಂ.ವಿ. ಅವರೇ. ಹೇಗೆ ಎಂದು ನೋಡೋಣ.

ಉತ್ತರಹಳ್ಳಿಯ ಪದ್ಮಿನಿ

ನಮ್ಮ ಬಳಗದವರೊಬ್ಬರ ಮನೆ ಉತ್ತರಹಳ್ಳಿಯಲ್ಲಿದೆ. ಅವರ ತಂದೆಯ ಬಳಿ 1980ರ ದಶಕದ ಪ್ರೀಮಿಯರ್ ಪದ್ಮಿನಿ ಕಾರಿದೆ. ವಾರಕ್ಕೊಮ್ಮೆ ವಸಂತಪುರದ ದೇವಸ್ಥಾನಕ್ಕೆ, ಆಗಾಗ ಬನಶಂಕರಿಗೆ ಓಡಾಟ. ಬನಶಂಕರಿ ಕಡೆಯ ಸಿಗ್ನಲ್‌ಗಳಲ್ಲಿ ನಿಂತಾಗ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು. ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಹಾಕಿದರು. ಚಳಿಗಾಲ ಹೇಗೋ ಕಳೆಯಿತು. ಮಾರ್ಚ್ ಬಂದಾಗ ಕಾರು ರಸ್ತೆಯ ಮಧ್ಯದಲ್ಲೇ ಕುದಿಯಿತು. ಗಾಬರಿಯಲ್ಲಿ ರೇಡಿಯೇಟರ್ ಮುಚ್ಚಳ ತಿರುಗಿಸಲು ಹೋದ ಹಿರಿಯರ ಅಂಗೈ ಸುಟ್ಟಿತು. ಇನ್ನೊಂದು ಗ್ಯಾರೇಜಿನವರು ಎಂಜಿನ್ ಪೂರ್ತಿ ಬಿಚ್ಚಬೇಕು, ಅದರ ಬದಲು ಗುಜರಿಗೆ ಹಾಕುವುದೇ ಒಳ್ಳೆಯದು ಎಂದರು. ಮನೆಯವರೆಲ್ಲ ಹೌದೆಂದರು. ಹಿರಿಯರು ಮಾತ್ರ ಒಪ್ಪಲಿಲ್ಲ.

ನಿಜವಾದ ಕಾಯಿಲೆ ಏನಿತ್ತು ಎಂದು ಕೊನೆಯಲ್ಲಿ ಹೇಳುತ್ತೇವೆ. ಅದಕ್ಕೂ ಮೊದಲು, ನೀರನ್ನು ಪಳಗಿಸುವುದೇ ಕಸುಬಾಗಿದ್ದ ಆ ಎಂಜಿನಿಯರ್ ಬದುಕಿನ ಕೆಲವು ಘಟ್ಟಗಳು. ಕಾರಿನ ಎಂಜಿನ್ ತಂಪಾಗಿಡುವುದೂ ಕೊನೆಗೆ ನೀರಿನದ್ದೇ ಲೆಕ್ಕ.

ಮುದ್ದೇನಹಳ್ಳಿಯಿಂದ ಸಿಂಧೂ ನದಿಗೆ

ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ತಮ್ಮ ಖರ್ಚು ತೂಗಿಸಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿ ವೇತನದಲ್ಲಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಹತ್ತು ವರ್ಷದ ಬಳಿಕ ಅವರನ್ನು ಸಿಂಧ್ ಪ್ರದೇಶದ ಸಕ್ಕರ್ ಪಟ್ಟಣಕ್ಕೆ ಕಳಿಸಲಾಯಿತು. ಇಂದು ಅದು ಪಾಕಿಸ್ತಾನದಲ್ಲಿದೆ. ಊರ ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತಿದ್ದರೂ ಅದರ ನೀರು ಕೆಸರು. ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸಲು ಊರಿನ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯ ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ನೀರು ಮರಳಿನ ಮೂಲಕ ಬಸಿದು ತಿಳಿಯಾಗಿ ಬಾವಿಗೆ ಬಂತು. ಅದನ್ನು ಪಂಪ್ ಮಾಡಿ ಊರಿಗೆ ಕೊಟ್ಟರು.

ಕೊಳವೆಗೆ ಯಾವ ನೀರು ಹೋಗುತ್ತದೆ ಎನ್ನುವುದೇ ಇಲ್ಲಿ ಮೊದಲ ಪ್ರಶ್ನೆ. ಕಾರಿಗೂ ಇದೇ ಮೊದಲ ಪ್ರಶ್ನೆ. ದಕ್ಷಿಣ ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಬೋರ್‌ವೆಲ್ ನೀರಿದೆ. ಆ ನೀರಿನ ಗುಣ ನಿಮಗೆ ಗೊತ್ತೇ ಇದೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪಟ್ಟಿ, ಗೀಸರ್ ಕಾಯಿಲ್ ಮೇಲೆ ಸುಣ್ಣದಂಥ ಪದರ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರ್‌ಗೆ ಸುರಿದರೆ ಅದರ ಸಣ್ಣ ಸಣ್ಣ ಕೊಳವೆಗಳ ಒಳಗೂ ಅದೇ ಪದರ ಕಟ್ಟುತ್ತದೆ. ನೀರು ಹರಿಯುವ ದಾರಿ ಕಿರಿದಾಗುತ್ತದೆ. ಇದ್ದ ನೀರಿನ ಬಿಸಿಯೂ ಹೊರಗಿನ ಗಾಳಿಗೆ ಸರಿಯಾಗಿ ದಾಟುವುದಿಲ್ಲ.

ಹಾಗಾದರೆ ಏನು ಹಾಕಬೇಕು? ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಬೆರೆಸಿದ ದ್ರವ. ಕೂಲೆಂಟ್ ಎಂದರೆ ಹಿಮ ಬೀಳುವ ದೇಶಗಳಿಗೆ ಮಾತ್ರ ಎನ್ನುವುದು ತಪ್ಪು ತಿಳಿವಳಿಕೆ. ನಿಜ ಹೇಳಬೇಕೆಂದರೆ ಬಿಸಿ ಹೊರುವ ಕೆಲಸದಲ್ಲಿ ಬರೀ ನೀರೇ ಒಂದು ಕೈ ಮೇಲು. ಕೂಲೆಂಟ್ ಬೇಕಾಗಿರುವುದು ಬೇರೆ ಕಾರಣಗಳಿಗೆ. ಅದು ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನು ಮೇಲೇರಿಸುತ್ತದೆ. ಒಂದು ಎಚ್ಚರಿಕೆ: ಬಹಳಷ್ಟು ಕೂಲೆಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ಅದು ವಿಷ. ಮಕ್ಕಳಿಗೆ, ಬೀದಿನಾಯಿಗಳಿಗೆ ಸಿಗುವಂತೆ ಚೆಲ್ಲಬೇಡಿ.

ತಾನೇ ತೆರೆಯುವ ಬಾಗಿಲು

ಪುಣೆಯ ಬಳಿ ಖಡಕ್‌ವಾಸ್ಲಾ ಅಣೆಕಟ್ಟಿದೆ. ಅಲ್ಲಿ ಇನ್ನಷ್ಟು ನೀರು ನಿಲ್ಲಿಸಬೇಕಿತ್ತು. ಹಾಗೆಂದು ಸದಾ ಎತ್ತರದಲ್ಲಿ ನಿಲ್ಲಿಸಿದರೆ ಪ್ರವಾಹ ಬಂದಾಗ ಅಪಾಯ. ವಿಶ್ವೇಶ್ವರಯ್ಯ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. 1903ರಲ್ಲಿ ಅವನ್ನು ಅಲ್ಲಿ ಅಳವಡಿಸಲಾಯಿತು. ನೀರು ಗೊತ್ತುಪಡಿಸಿದ ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿರುತ್ತದೆ. ಮಟ್ಟ ಮೀರಿದರೆ ಆ ನೀರಿನ ಬಲದಿಂದಲೇ ಬಾಗಿಲು ಏಳುತ್ತದೆ. ಮಟ್ಟ ಇಳಿದರೆ ಮತ್ತೆ ಮುಚ್ಚುತ್ತದೆ. ನಡುರಾತ್ರಿ ಮಳೆ ಬಂದರೆ ಯಾರೂ ಓಡಿಹೋಗಿ ಬಾಗಿಲು ಎತ್ತಬೇಕಿಲ್ಲ. ಅಣೆಕಟ್ಟಿನ ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು.

ಈಗ ನಿಮ್ಮ ಕಾರಿನ ಬಾನೆಟ್ ಒಳಗೆ ನೋಡಿ. ಎಂಜಿನ್ ಮತ್ತು ರೇಡಿಯೇಟರ್ ನಡುವೆ ಇಂಥದ್ದೇ ಒಂದು ಸಣ್ಣ ಬಾಗಿಲಿದೆ. ಅದೇ ಥರ್ಮೋಸ್ಟಾಟ್. ಅಲ್ಲಿ ನೀರಿನ ಮಟ್ಟ, ಇಲ್ಲಿ ನೀರಿನ ಬಿಸಿ, ಅಷ್ಟೇ ವ್ಯತ್ಯಾಸ. ಸಾಮಾನ್ಯವಾಗಿ ಅದರೊಳಗೆ ಮೇಣದಂಥ ವಸ್ತು ತುಂಬಿದ ಪುಟ್ಟ ಡಬ್ಬಿ ಇರುತ್ತದೆ. ನೀರು ಸುಮಾರು 80 ಡಿಗ್ರಿ ದಾಟುವಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ಬಿಸಿ ನೀರು ರೇಡಿಯೇಟರ್‌ಗೆ ಹೋಗಿ ತಣಿದು ಹಿಂದಿರುಗುತ್ತದೆ. ನೀರು ತಣ್ಣಗಾದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಮುಚ್ಚುವುದೇಕೆ? ಎಂಜಿನ್ ಸದಾ ತಣ್ಣಗಿರಬಾರದು. ಅದಕ್ಕೆ ಹದವಾದ ಬಿಸಿ ಬೇಕು. ಹದಕ್ಕೆ ಬರದ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಉರಿಯದ ಪೆಟ್ರೋಲ್ ಮತ್ತು ಹಬೆಯ ನೀರು ಆಯಿಲ್‌ಗೆ ಸೇರಿ ಅದನ್ನು ಕೆಡಿಸುತ್ತವೆ. ಒಳಗಿನ ಭಾಗಗಳು ಬೇಗ ಸವೆಯುತ್ತವೆ. ಇದು ಸ್ವಿಟ್ಜರ್ಲೆಂಡಿಗೂ ನಿಜ, ಉತ್ತರಹಳ್ಳಿಗೂ ನಿಜ.

ಕಿತ್ತುಹಾಕಿದರೆ ಕಾರು ತಂಪಾಗಿ ಓಡಿತಲ್ಲ ಎಂದು ಕೇಳಬಹುದು. ಥರ್ಮೋಸ್ಟಾಟ್ ಕೆಟ್ಟು ಮುಚ್ಚಿಕೊಂಡೇ ನಿಂತಿದ್ದರೆ ಅದನ್ನು ತೆಗೆದಾಗ ಬಿಸಿ ಇಳಿಯುತ್ತದೆ, ನಿಜ. ಆದರೆ ಆಗ ಮಾಡಬೇಕಾದದ್ದು ಹೊಸದನ್ನು ಹಾಕುವುದು. ಕೆಟ್ಟಿಲ್ಲದ್ದನ್ನು ತೆಗೆದರೆ ಬೇರೆಲ್ಲೋ ಇರುವ ಕಾಯಿಲೆ ಕೆಲವು ತಿಂಗಳು ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಇನ್ನೂ ಜೋರಾಗಿ ತಿರುಗಿ ಬರುತ್ತದೆ.

ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ತುಂಬ ವೇಗವಾಗಿ ಹರಿದು ತಣಿಯಲು ಸಮಯ ಸಿಗುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಇದೂ ಸರಿಯಲ್ಲ. ನೀರು ಸುತ್ತುತ್ತಲೇ ಇರುತ್ತದೆ, ವೇಗ ಹೆಚ್ಚಿದರೆ ಅದು ಹೊರಹಾಕುವ ಬಿಸಿ ಕಡಿಮೆಯಾಗುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಸಮಸ್ಯೆ ಬೇರೆ. ಥರ್ಮೋಸ್ಟಾಟ್ ತೆರೆದಾಗ ಒಂದು ಅಡ್ಡದಾರಿಯನ್ನು ಮುಚ್ಚುವಂತೆ ಅವನ್ನು ರೂಪಿಸಿರುತ್ತಾರೆ. ಥರ್ಮೋಸ್ಟಾಟೇ ಇಲ್ಲದಿದ್ದರೆ ಒಂದಷ್ಟು ನೀರು ರೇಡಿಯೇಟರ್ ಮುಟ್ಟದೆ ಆ ಅಡ್ಡದಾರಿಯಲ್ಲೇ ಸುತ್ತುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬಿಚ್ಚಿದ ಥರ್ಮೋಸ್ಟಾಟನ್ನು ಅಡುಗೆಗೆ ಬಳಸದ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ನೀರು ಕುದಿಯುವುದರೊಳಗೆ ಅದು ತೆರೆಯಬೇಕು, ಆರಿದಾಗ ಮುಚ್ಚಬೇಕು. ತೆರೆಯದಿದ್ದರೆ ಬದಲಿಸಿ.

ಪ್ರವಾಹಕ್ಕೆ ಮದ್ದು ಎಲ್ಲಿದೆ?

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ನಲುಗಿತು. ಸಾವಿರಾರು ಜನ ಸತ್ತರು. ಮರುವರ್ಷ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಸಲಹೆಗೆ ಕರೆಸಿಕೊಂಡಿತು. ನೀರು ನುಗ್ಗಿದ್ದು ನಗರಕ್ಕೆ, ಹಾಗಾಗಿ ಎಲ್ಲರ ಕಣ್ಣು ನಗರದ ಮೇಲೆ. ವಿಶ್ವೇಶ್ವರಯ್ಯ ನದಿಯ ಮೇಲ್ಭಾಗಕ್ಕೆ ಹೋದರು. ಮಳೆಯ ಲೆಕ್ಕ, ಕೆರೆಗಳ ಲೆಕ್ಕ, ನೀರು ಎಲ್ಲಿಂದ ಎಷ್ಟು ಬರುತ್ತದೆ ಎನ್ನುವ ಲೆಕ್ಕ ತೆಗೆದರು. ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲಿಯೇ ಹಿಡಿಯಬೇಕು ಎಂದು ಸಲಹೆ ಕೊಟ್ಟರು. ಮುಂದೆ ಅಲ್ಲಿ ಎದ್ದವೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ. ಪ್ರವಾಹಕ್ಕೆ ಕಟ್ಟಿದ ಜಲಾಶಯಗಳೇ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ತೊಂದರೆ ಕಾಣಿಸಿಕೊಂಡ ಜಾಗ ಒಂದು, ಅದರ ಮೂಲ ಇನ್ನೊಂದು. ಹೀಟ್ ಆಗುವ ಕಾರಿಗೂ ಇದೇ ಮಾತು. ಮುಳ್ಳು ಮೇಲೇರುವುದು ಪ್ರವಾಹವಿದ್ದಂತೆ. ಮೂಲ ಹುಡುಕಲು ಮೊದಲು ಕೇಳಬೇಕಾದ ಪ್ರಶ್ನೆ, ಯಾವಾಗ ಬಿಸಿಯಾಗುತ್ತದೆ ಎಂಬುದು.

• ಸಿಗ್ನಲ್‌ನಲ್ಲಿ ನಿಂತಾಗ ಬಿಸಿ, ಓಡುವಾಗ ಸರಿ: ಗಾಳಿಯ ಕೊರತೆ. ಫ್ಯಾನ್ ಮತ್ತು ಫ್ಯಾನ್ ಬೆಲ್ಟ್ ನೋಡಿ. ಎಂಜಿನ್ ನಿಲ್ಲಿಸಿ ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಾಗಬೇಕು. ಅದಕ್ಕಿಂತ ತುಂಬ ಸಡಿಲವಿದ್ದರೆ ಜಾರುತ್ತಿದೆ ಎಂದರ್ಥ.

• ವೇಗವಾಗಿ ಓಡುವಾಗ, ಏರು ಹತ್ತುವಾಗ ಬಿಸಿ: ನೀರಿನ ಹರಿವಿನ ಕೊರತೆ. ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪ್ ಸವೆದಿರಬಹುದು, ಕೆಳಗಿನ ಹೋಸ್ ಪೈಪ್ ಮೆತ್ತಗಾಗಿ ಒಳಕ್ಕೆ ಕುಗ್ಗುತ್ತಿರಬಹುದು.

• ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ವಿಪರೀತ ಬಿಸಿ, ಆದರೆ ರೇಡಿಯೇಟರ್ ತಣ್ಣಗೆ: ಥರ್ಮೋಸ್ಟಾಟ್ ಮುಚ್ಚಿಕೊಂಡೇ ನಿಂತಿರಬಹುದು.

• ಹೊರಗೆ ಸೋರಿಕೆ ಕಾಣುವುದಿಲ್ಲ, ನೀರು ಮಾತ್ರ ಕಡಿಮೆಯಾಗುತ್ತದೆ: ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಹಾಲು ಬೆರೆತ ಕಾಫಿಯಂತಾದ ಎಂಜಿನ್ ಆಯಿಲ್ ಇದರ ಗುರುತು. ಹೀಗಿದ್ದರೆ ಕಾರು ಓಡಿಸಬೇಡಿ.

• ನೀರೂ ಸರಿ, ಗಾಳಿಯೂ ಸರಿ, ಆದರೂ ಬಿಸಿ: ಇಗ್ನಿಷನ್ ಟೈಮಿಂಗ್ ತಪ್ಪಿರಬಹುದು, ಬ್ರೇಕ್ ಹಿಡಿದುಕೊಂಡಿರಬಹುದು. ಕೆಲವೊಮ್ಮೆ ಮುಳ್ಳೇ ಸುಳ್ಳು ಹೇಳುತ್ತಿರುತ್ತದೆ.

ಎಂಜಿನ್ ಬಿಚ್ಚುವ ಮಾತು ಬರಬೇಕಾದದ್ದು ಈ ಪಟ್ಟಿಯ ಕೊನೆಯಲ್ಲಿ.

ಮುಚ್ಚಳ ಎಂಬ ಕುಕ್ಕರ್ ವಿಸಿಲ್

ಹೈದರಾಬಾದಿನ ಕೆಲಸವಾದ ಮೇಲೆ ವಿಶ್ವೇಶ್ವರಯ್ಯ 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಒಂದಾದ ಮೇಲೊಂದು ಬಂದವು. 1918ರಲ್ಲಿ ದಿವಾನಗಿರಿ ಬಿಟ್ಟರು. ಇದೆಲ್ಲ ಶಾಲೆಯ ಪಾಠದಲ್ಲಿದೆ, ಹೆಚ್ಚು ಹೇಳುವುದಿಲ್ಲ. ಕನ್ನಂಬಾಡಿಯಿಂದ ಹರಿದುಬರುವ ಕಾವೇರಿಯ ನೀರು ಇಂದು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯ ಪಂಪ್‌ಗಳಿಂದ ಮೇಲೇರಿ ಬೆಂಗಳೂರು ತಲುಪುತ್ತದೆ. ತಾತಗುಣಿ ಉತ್ತರಹಳ್ಳಿಗೆ ಹತ್ತಿರದ ಕನಕಪುರ ರಸ್ತೆಯಲ್ಲೇ ಇದೆ.

ನೀರನ್ನು ಇಷ್ಟು ಎತ್ತಬೇಕಾಗಿರುವುದು ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಇರುವುದರಿಂದ. ಈ ಎತ್ತರ ಕಾರಿಗೂ ಒಂದು ತೊಡಕು ತರುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್‌ನ ನೀರು ಕುದಿಯದೆ ಉಳಿಯಲು ಅದನ್ನು ಒತ್ತಡದಲ್ಲಿ ಹಿಡಿದಿಡಬೇಕು. ಆ ಕೆಲಸ ರೇಡಿಯೇಟರ್ ಮುಚ್ಚಳದ್ದು. ನಿಮ್ಮ ಅಡುಗೆಮನೆಯ ಕುಕ್ಕರಿನ ವಿಸಿಲ್ ಮಾಡುವುದೂ ಇದನ್ನೇ. ಮುಚ್ಚಳದ ಸ್ಪ್ರಿಂಗ್ ಸೋತರೆ, ರಬ್ಬರ್ ಸೀಳಿದರೆ, ಉಳಿದದ್ದೆಲ್ಲ ಸರಿಯಿದ್ದರೂ ನೀರು ಬೇಗ ಕುದಿದು ಹೊರಚೆಲ್ಲುತ್ತದೆ.

ಬಿಸಿ ಎಂಜಿನ್‌ನ ಮುಚ್ಚಳವನ್ನು ತೆರೆಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಕೂಗುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾರಾದರೂ ತೆಗೆಯುತ್ತಾರೆಯೇ? ಒತ್ತಡ ಹೋದ ಕ್ಷಣವೇ ಒಳಗಿನ ನೀರು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ, ಬೇಕಾದರೆ ಇನ್ನೂ ಹೆಚ್ಚು ಕಾಯಿರಿ. ಎಂಜಿನ್ ಪೂರ್ತಿ ಆರಿದ ಮೇಲಷ್ಟೇ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರಿಯಬಹುದು. ಕೈ ಸುಟ್ಟರೆ 20 ನಿಮಿಷ ಹರಿಯುವ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಐಸ್ ಬೇಡ. ಬೊಬ್ಬೆ ಎದ್ದರೆ, ಮುಖಕ್ಕೆ ತಾಗಿದರೆ ಆಸ್ಪತ್ರೆಗೆ ಹೋಗಿ.

ಸೋರುವ ರೇಡಿಯೇಟರ್‌ಗೆ ಅರಿಶಿನ ಪುಡಿ, ಮೊಟ್ಟೆ ಹಾಕುವ ಉಪಾಯವೂ ಫಾರ್ವರ್ಡ್‌ಗಳಲ್ಲಿ ಬರುತ್ತದೆ. ಅದು ಸೋರುವ ತೂತನ್ನು ಮಾತ್ರ ಹುಡುಕಿ ಮುಚ್ಚುವುದಿಲ್ಲ, ಒಳಗಿನ ಸಣ್ಣ ಕೊಳವೆಗಳಿಗೂ ಮೆತ್ತಿಕೊಳ್ಳುತ್ತದೆ.

ಬೆಂಗಳೂರಿಗೆ ಬಾರದ ಕಾರು ಕಾರ್ಖಾನೆ

ಸರ್ ಎಂ.ವಿ. ಬದುಕಿನಲ್ಲಿ ಕಾರೂ ಇತ್ತು ಎನ್ನುವುದು ಹೆಚ್ಚು ಜನರಿಗೆ ಗೊತ್ತಿಲ್ಲ. 1930ರ ದಶಕದಲ್ಲಿ ಭಾರತದಲ್ಲಿ ಓಡುತ್ತಿದ್ದ ಕಾರುಗಳು ಹೊರದೇಶದವು, ಇಲ್ಲವೇ ಬಿಡಿಭಾಗ ತರಿಸಿ ಇಲ್ಲಿ ಜೋಡಿಸಿದವು. ಭಾರತವೇ ಕಾರು ತಯಾರಿಸಬೇಕು ಎಂಬುದು ವಿಶ್ವೇಶ್ವರಯ್ಯನವರ ಹಟ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಮತ್ತು ಅಮೆರಿಕಕ್ಕೆ ಹೋಗಿ ಕಾರು ಕಾರ್ಖಾನೆಗಳನ್ನು ನೋಡಿ ಬಂದರು. ಬಂಡವಾಳ ಎಷ್ಟು ಬೇಕು, ವರ್ಷಕ್ಕೆ ಎಷ್ಟು ಕಾರು ಮಾಡಬಹುದು ಎಂದು ಪೂರ್ತಿ ಯೋಜನೆ ಬರೆದರು. ಕಾರ್ಖಾನೆಯನ್ನು ಬೆಂಗಳೂರಿಗೆ ತರುವ ಪ್ರಯತ್ನವೂ ನಡೆಯಿತು. ಮೈಸೂರು ಸರ್ಕಾರ ಬೆಂಬಲಕ್ಕೆ ನಿಂತಿತು. ಆದರೆ ಬ್ರಿಟಿಷ್ ಭಾರತ ಸರ್ಕಾರದ ಒಪ್ಪಿಗೆ ದೊರೆಯದೆ ಅದು ಕೈಗೂಡಲಿಲ್ಲ.

ಆ ಯೋಜನೆಯ ಹಾದಿಯಲ್ಲಿ ಮುಂದೆ ನಡೆದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಅವರು 1940ರಲ್ಲಿ ಅಮೆರಿಕದ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ವಿಮಾನ ಬೆಂಗಳೂರಿಗೆ ಬಂತು, ಕಾರು ಮುಂಬಯಿಗೆ ಹೋಯಿತು. 1944ರಲ್ಲಿ ಅಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಯಿತು. ಮುಂದೆ ಇಟಲಿಯ ಫಿಯಟ್ ಜೊತೆ ಸೇರಿ ಅದು ಕಾರು ತಯಾರಿಸಿತು. ಅದರ ಫಿಯಟ್ 1100 ಮಾದರಿಯೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು.

ಇಷ್ಟು ಓದಿ, ಪದ್ಮಿನಿ ಕಾರು ಕಂಡುಹಿಡಿದವರು ವಿಶ್ವೇಶ್ವರಯ್ಯ ಎಂದು ಹೊಸ ಫಾರ್ವರ್ಡ್ ಹುಟ್ಟುಹಾಕಬೇಡಿ. ಕಾರಿನ ವಿನ್ಯಾಸ ಇಟಲಿಯದು. ಭಾರತದಲ್ಲೇ ಕಾರು ತಯಾರಾಗಬೇಕು ಎಂದು ಲೆಕ್ಕ ಸಮೇತ ಮೊದಲೇ ವಾದಿಸಿದವರು ಅವರು. 1955ರಲ್ಲಿ ಭಾರತರತ್ನ ಪಡೆದ ಅವರು ನೂರು ವರ್ಷ ದಾಟಿ ಬದುಕಿ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಕೊನೆಗೆ ಆ ಪದ್ಮಿನಿಗೆ ಏನಾಯಿತು?

ಗುಜರಿಯವರಿಗೆ ಫೋನ್ ಮಾಡುವ ಮುನ್ನ ಒಂದು ಭಾನುವಾರ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ನಾವು ಮೇಲಿನ ಪಟ್ಟಿ ಹಿಡಿದು ಕುಳಿತೆವು. ಆಯಿಲ್ ತಿಳಿಯಾಗಿತ್ತು, ಬಿಳಿ ಹೊಗೆ ಇರಲಿಲ್ಲ. ಹೆಡ್ ಗ್ಯಾಸ್ಕೆಟ್ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ಫ್ಯಾನ್ ಬೆಲ್ಟ್ ಸಡಿಲವಾಗಿತ್ತು. ಸಿಗ್ನಲ್‌ನಲ್ಲಿ ಬಿಸಿಯಾಗುತ್ತಿದ್ದುದಕ್ಕೆ ಅದು ಉತ್ತರ. ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಒಳಗಿನ ನೀರು ಕಂದು ಬಣ್ಣ, ಬೆರಳಿಗೆ ಬಿಳಿ ಚಕ್ಕೆ. ವರ್ಷಗಳ ಬೋರ್‌ವೆಲ್ ನೀರು! ಮಾರ್ಚ್ ತಿಂಗಳಲ್ಲಿ ಓಡುವಾಗಲೂ ಕುದಿದದ್ದಕ್ಕೆ ಅದು ಉತ್ತರ.

ರೇಡಿಯೇಟರ್ ರಿಪೇರಿ ಅಂಗಡಿಯಲ್ಲಿ ಅದರ ತಲೆಯ ಬೆಸುಗೆ ಬಿಡಿಸಿ, ಕೊಳವೆಗಳಿಗೆ ತೆಳ್ಳನೆಯ ಸಲಾಕೆ ಹಾಕಿ ಸ್ವಚ್ಛ ಮಾಡಿದರು. ಕೊಳವೆಗಳಲ್ಲಿ ಅರ್ಧದಷ್ಟು ಕಟ್ಟಿಹೋಗಿದ್ದವು. ಹೊಸ ಬೆಲ್ಟ್, ಹೊಸ ಮುಚ್ಚಳ, ಹೊಸ ಹೋಸ್, ಕೂಲೆಂಟ್ ಬಂದವು. ಕಿತ್ತುಹಾಕಿದ್ದ ಥರ್ಮೋಸ್ಟಾಟ್ ಜಾಗಕ್ಕೆ ಹೊಸದು ಬಂತು. ಎಂಜಿನ್ ಬಿಚ್ಚಲಿಲ್ಲ.

ಮರುವಾರ ಹಿರಿಯರು ಕೈಯ ಪಟ್ಟಿ ಬಿಚ್ಚಿ ತಾವೇ ಕಾರು ಓಡಿಸಿಕೊಂಡು ವಸಂತಪುರಕ್ಕೆ ಹೋಗಿಬಂದರು. ಮುಳ್ಳು ನಡುವಿನಿಂದ ಅಲುಗಲಿಲ್ಲ.

ಹಾಗಾಗಿ ನೆನಪಿಡಿ. ಥರ್ಮೋಸ್ಟಾಟ್ ಕಿತ್ತುಹಾಕುವ ಸಲಹೆ ತಪ್ಪು. ಕೆಟ್ಟಿದ್ದರೆ ಬದಲಿಸಿ, ಕೆಟ್ಟಿಲ್ಲದಿದ್ದರೆ ಮುಟ್ಟಬೇಡಿ. ಕಾರು ಯಾವಾಗ ಬಿಸಿಯಾಗುತ್ತದೆ ಎಂದು ಒಂದು ವಾರ ಚೀಟಿಯಲ್ಲಿ ಬರೆದಿಡಿ, ಮೆಕ್ಯಾನಿಕ್ ಬಳಿ ಹೋಗುವಾಗ ಆ ಚೀಟಿ ಒಯ್ಯಿರಿ. ಮುಂದಿನ ಸೆಪ್ಟೆಂಬರ್ 15ಕ್ಕೆ ಮೇಣದಬತ್ತಿಯ ಕಥೆ ಬಂದಾಗ, ಖಡಕ್‌ವಾಸ್ಲಾದ ಬಾಗಿಲುಗಳ ಕಥೆಯನ್ನು ತಿರುಗಿ ಕಳಿಸಿ.